ಮೊದಲು ರಾಡಿ ತೆಗೆಯಿರಿ, ಬ್ಲೀಚಿಂಗ್ ಪೌಡರ್ ಆಮೇಲೆ

ವಿಜಯಪುರದ ನಳಗಳಿಗೆ ನೀರು ಬರುವುದು ಕೊಲ್ಹಾರದ ಕೃಷ್ಣೆಯಿಂದ, ಭೂತನಾಳ ಕೆರೆಯಿಂದ. ಹೊಳೆ–ಕೆರೆಯ ನೀರಿನಲ್ಲಿ ಕೊಳೆತ ಎಲೆ, ಪಾಚಿಯ ಅಂಶ ಕರಗಿರುತ್ತದೆ. ಅದಕ್ಕೆ ರೋಗಾಣು ಕೊಲ್ಲಲು ಹಾಕುವ ಕ್ಲೋರಿನ್ ತಾಗಿದಾಗ ಕ್ಲೋರೋಫಾರ್ಮ್‌ನಂಥ ಟ್ರೈಹ್ಯಾಲೋಮೀಥೇನ್‌ಗಳು, ಹ್ಯಾಲೋಅಸಿಟಿಕ್ ಆಮ್ಲಗಳು ಎಂಬ ಬೇಡದ ರಾಸಾಯನಿಕಗಳು ಹುಟ್ಟುತ್ತವೆ. ನೀರು ಬಿಸಿಯಾದಷ್ಟೂ ನಿಂತಷ್ಟೂ ಇವು ಹೆಚ್ಚು. ದಶಕಗಟ್ಟಲೆ ಇಂಥ ನೀರು ಕುಡಿದವರಲ್ಲಿ ಮೂತ್ರಕೋಶದ ಕ್ಯಾನ್ಸರ್ ತುಸು ಹೆಚ್ಚು ಕಂಡುಬಂದಿದೆ. ಹಾಗಂತ ಕ್ಲೋರಿನ್ನೇ ಬೇಡ ಅನ್ನುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ; ವಾಂತಿಭೇದಿ ದಶಕ ಕಾಯುವುದಿಲ್ಲ.

ಸಂಪಿನ ತಳದ ಗಸಿಯನ್ನು ತಿಕ್ಕಿ ತೆಗೆಯಿರಿ. ಗಸಿ ಕ್ಲೋರಿನ್ ನುಂಗುತ್ತದೆ, ಬದಲಿಗೆ ಈ ರಾಸಾಯನಿಕ ಕೊಡುತ್ತದೆ. ನೀರು ತುಂಬಿದ ಮೇಲೆ ಕ್ಲೋರಿನ್ ಪರೀಕ್ಷಿಸುವ ಕಾಗದದ ಪಟ್ಟಿಯಿಂದ ಅಳೆದು ನೋಡಿ. ಲೀಟರಿಗೆ 0.2 ಮಿಲಿಗ್ರಾಂ ಇದ್ದರೆ ಮತ್ತೆ ಪೌಡರ್ ಹಾಕಬೇಡಿ. ಇಲ್ಲದಿದ್ದರೆ 1000 ಲೀಟರಿಗೆ 33% ಕ್ಲೋರಿನ್ ಇರುವ ತಾಜಾ ಪೌಡರ್ 2.5 ಗ್ರಾಂ ಸಾಕು. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕಲಸಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಸುರಿದು ಒಂದು ತಾಸು ಕಾಯಿರಿ. ಬಾಯಿ ಬಿಚ್ಚಿಟ್ಟ ಚೀಲದ ಪೌಡರ್ ಕಸುವು ಕಳೆದುಕೊಂಡಿರುತ್ತದೆ, ಅದನ್ನು ನಂಬಿ ಅಳೆಯಬೇಡಿ.

ಮಳೆಗಾಲದ ಕೆಂಪು ನೀರಿಗೆ ನೇರ ಪೌಡರ್ ಸುರಿಯುವುದೇ ದೊಡ್ಡ ತಪ್ಪು. ಕುಡಿಯುವಷ್ಟು ನೀರನ್ನಾದರೂ ಬೇರೆ ಮಾಡಿ. 20 ಲೀಟರ್ ಬಕೆಟ್‌ಗೆ ಅರ್ಧ ಗ್ರಾಂ, ಅಂದರೆ ಸುಮಾರು ಒಂದು ಕಡಲೆಕಾಳಿನಷ್ಟು ಪಟಿಕದ ಪುಡಿ. ತೀರಾ ರಾಡಿಯಿದ್ದರೆ ಒಂದು ಗ್ರಾಂ. ಒಂದು ನಿಮಿಷ ಜೋರಾಗಿ, ಮುಂದೆ ಐದು ನಿಮಿಷ ಮೆಲ್ಲಗೆ ತಿರುವಿ. ಒಡೆದ ಹಾಲಿನಂತೆ ಚೂರು ಕಟ್ಟುತ್ತವೆ. ಜೋರಾಗಿಯೇ ತಿರುವುತ್ತಿದ್ದರೆ ಅವು ಪುಡಿಯಾಗಿ ತಳ ಸೇರುವುದಿಲ್ಲ. ಎರಡು ತಾಸಿನ ನಂತರ ತಳದ ಮೂರು ಬೆರಳು ನೀರು ಬಿಟ್ಟು, ನಾಲ್ಕು ಮಡಿಕೆ ಬಿಳಿ ಬಟ್ಟೆಯಲ್ಲಿ ಸೋಸಿ. ಕರಗಿದ ಕೊಳೆಯೂ ಒಂದಿಷ್ಟು ಪಟಿಕದೊಂದಿಗೆ ಹೋಗುತ್ತದೆ. ಕ್ಲೋರಿನ್ ಇದಾದ ಮೇಲೆ.

ಮುಚ್ಚಳ ತೆಗೆದು ಐದು ನಿಮಿಷ ಕುದಿಸಿದರೆ ಕ್ಲೋರೋಫಾರ್ಮ್ ಬಹುಪಾಲು ಹಾರಿಹೋಗುತ್ತದೆ, ಹ್ಯಾಲೋಅಸಿಟಿಕ್ ಆಮ್ಲಗಳೆಲ್ಲ ಹೋಗುವುದಿಲ್ಲ. ಫಿಲ್ಟರ್‌ನ ಯುವಿ (ಅತಿನೇರಳೆ) ಬೆಳಕಿನಿಂದ ಈ ರಾಸಾಯನಿಕಗಳು ಹೋಗವು, ಕೆಲಸ ಮಾಡುವುದು ಕಾರ್ಬನ್ ಫಿಲ್ಟರ್. ಆದರೆ ಕ್ಲೋರಿನ್ ವಾಸನೆ ತಡೆಯುತ್ತಿರುವಾಗಲೇ ಕ್ಲೋರೋಫಾರ್ಮ್ ದಾಟತೊಡಗಿರುತ್ತದೆ, ಮೂಗನ್ನು ನಂಬದೆ ಕಂಪನಿ ಹೇಳಿದ ಅವಧಿಗೆ ಕಾರ್ಟ್ರಿಜ್ ಬದಲಿಸಿ. ಬಿಸಿನೀರಿನ ಸ್ನಾನದಲ್ಲಿ ಉಸಿರಿನ ಮೂಲಕವೂ ಕ್ಲೋರೋಫಾರ್ಮ್ ಒಳಸೇರುತ್ತದೆ, ಬಚ್ಚಲಿನ ಕಿಟಕಿ ತೆಗೆದಿರಲಿ.

ಈ ರಾಸಾಯನಿಕಗಳಿಗಾಗಿ ನೀರಿನ ಪರೀಕ್ಷೆ ಮಾಡಿಸುವುದಿದ್ದರೆ ಹಳೆಯ ಬಿಸ್ಲೇರಿ ಬಾಟಲಿ ಬೇಡ. ಪ್ರಯೋಗಾಲಯದವರೇ ಕೊಡುವ, ಕ್ಲೋರಿನ್ ಅಡಗಿಸುವ ಪುಡಿ ಹಾಕಿದ ಕಂದು ಗಾಜಿನ ಶೀಶೆಯಲ್ಲಿ ಗಾಳಿಗುಳ್ಳೆ ಉಳಿಯದಂತೆ ತುಂಬಿ, ಮಂಜುಗಡ್ಡೆಯಲ್ಲಿಟ್ಟು ಒಯ್ಯಿರಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಕ್ಲೋರೋಫಾರ್ಮ್ ಲೀಟರಿಗೆ 0.2 ಮಿಲಿಗ್ರಾಂ ಮೀರಬಾರದು.