ಮುಗಿಲಿನಿಂದ ಅಂಗೈಗೆ: ಅಮಾವಾಸ್ಯೆ ರಾತ್ರಿಯ ಲಿಂಗಧ್ಯಾನ

ಬಸವಣ್ಣನವರ ‘ಜಗದಗಲ ಮುಗಿಲಗಲ’ ವಚನ ನಮ್ಮಲ್ಲಿ ಎಷ್ಟೋ ಜನಕ್ಕೆ ಬಾಯಿಪಾಠ. ಅದು ಮುಗಿಲಿನ ಅಗಲದಿಂದ ಹೊರಟು, ಅಂಥ ಲಿಂಗವೇ ಕರಸ್ಥಲಕ್ಕೆ, ಅಂದರೆ ಅಂಗೈಗೆ, ಬಂದು ಚುಳುಕಾಯಿತು, ಪುಟ್ಟದಾಯಿತು, ಎನ್ನುವಲ್ಲಿ ನಿಲ್ಲುತ್ತದೆ. ನಾನು ಧ್ಯಾನಕ್ಕೆ ಕೂರುವುದೂ ಇದೇ ಕ್ರಮದಲ್ಲಿ. ಇದು ಯಾವ ಮಠದ ವಿಧಿಯೂ ಅಲ್ಲ, ನಿತ್ಯದ ಲಿಂಗಪೂಜೆಗೆ ಬದಲಿಯೂ ಅಲ್ಲ.

ಡಿಸೆಂಬರ್ ಅಥವಾ ಜನವರಿಯ ಅಮಾವಾಸ್ಯೆ, ಇಲ್ಲವೇ ಅದರ ಆಚೀಚಿನ ಎರಡು ಮೂರು ರಾತ್ರಿ ಒಳ್ಳೆಯದು. ಬಯಲುಸೀಮೆಯಲ್ಲಿ ಆಗ ಮೋಡ ಕಡಿಮೆ. ಊರದೀಪ ಕಾಣದ ಹೊಲವಾಗಲಿ, ಹಳ್ಳಿಮನೆಯ ಮಾಳಿಗೆಯಾಗಲಿ ಸಾಕು. ಬೆಂಗಳೂರಿನ ತಾರಸಿ ಈ ಕೆಲಸಕ್ಕೆ ಬಾರದು. ಕಂಬಳಿ ಎರಡು ಬೇಕು, ಹಾಸಲು ಒಂದು, ಇಬ್ಬನಿಗೆ ಹೊದೆಯಲು ಇನ್ನೊಂದು. ಹಾಸುವ ಮೊದಲು ಹಾವು ಚೇಳು ಇವೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಆಮೇಲೆ ಟಾರ್ಚಿನ ಬಾಯಿಗೆ ಕೆಂಪು ಜಿಲೆಟಿನ್ ಹಾಳೆ ಎರಡು ಪದರ ಕಟ್ಟಿ.

ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಡುವೆ ಮೊಬೈಲ್ ನೋಡಿದಿರೋ, ಮತ್ತೆ ಮೊದಲಿನಿಂದ ಕಾಯಬೇಕು. ಈ ಅವಧಿ ಪೂರ್ತಿ ಪಂಚಾಕ್ಷರಿ ಜಪಕ್ಕೆ.

ಒಂಬತ್ತು ಗಂಟೆ ಸುಮಾರಿಗೆ ಪೂರ್ವದ ಲುಬ್ಧಕ (ಸಿರಿಯಸ್) ನಕ್ಷತ್ರದಿಂದ ಶುರುಮಾಡುತ್ತೇನೆ. ಕಣ್ಣಿಗೆ ತಾಗುವ ಅದರ ಬೆಳಕು ಎಂಟೂವರೆ ವರ್ಷದ ಹಿಂದಿನದು. ಅಲ್ಲಿಂದ ಮೇಲಕ್ಕೆ ಕೆಂಪಗಿನ ರೋಹಿಣಿ, 65 ವರ್ಷ. ಅದರಾಚೆ ಕೃತ್ತಿಕೆಯ ಗೊಂಚಲು, ಸುಮಾರು 440 ವರ್ಷ. 1565ರ ತಾಳಿಕೋಟೆ ಯುದ್ಧ ಮುಗಿದು ಒಂದೆರಡು ದಶಕಕ್ಕೆ ಹೊರಟ ಬೆಳಕು. ಕೊನೆಗೆ ವಾಯವ್ಯಕ್ಕೆ ತಿರುಗಿ, ಡಬ್ಲ್ಯೂ ಆಕಾರದ ಕ್ಯಾಸಿಯೋಪಿಯಾ ನಕ್ಷತ್ರಪುಂಜ ಹಿಡಿದು, ಅದರ ಚೂಪಾದ ಮೂಲೆ ತೋರುವ ಕಡೆಗೆ ಆಂಡ್ರೊಮಿಡಾ ಗೆಲಾಕ್ಸಿ ಹುಡುಕಬೇಕು. ನೇರ ದಿಟ್ಟಿಸಿದರೆ ಅದು ಮಾಯ. ಮಂದ ಬೆಳಕು ಹಿಡಿಯುವ ಕೋಶಗಳು ಕಣ್ಣಿನ ನಟ್ಟನಡುವೆ ಇಲ್ಲ, ಸುತ್ತಲೂ ಇವೆ. ಹಾಗಾಗಿ ನೋಟವನ್ನು ತುಸು ಪಕ್ಕಕ್ಕೆ ಇಟ್ಟಾಗ ಬೂದಿ ಬಣ್ಣದ ಮಸುಕು ಮೂಡುತ್ತದೆ. ಅದು 25 ಲಕ್ಷ ವರ್ಷ ನಡೆದು ಬಂದ ಬೆಳಕು.

ಎಡವುವುದು ಸಾಮಾನ್ಯವಾಗಿ ಇಲ್ಲೇ. ಕೆಲವರು ಹೆಸರು, ದೂರ ಎಣಿಸುತ್ತಾ ಖಗೋಳಶಾಸ್ತ್ರಕ್ಕೆ ಜಾರುತ್ತಾರೆ. ಅದಕ್ಕೇ ನಾಲ್ಕಕ್ಕಿಂತ ಹೆಚ್ಚು ಗುರುತು ಇಟ್ಟುಕೊಳ್ಳಬಾರದು, ಒಂದೊಂದರ ಮೇಲೂ ಐದು ನಿಮಿಷ. ಇನ್ನು ಕೆಲವರಿಗೆ ಎದೆ ಖಾಲಿಯಾಗುತ್ತದೆ, ಇಷ್ಟು ದೊಡ್ಡದರಲ್ಲಿ ನನ್ನನ್ನು ಯಾರು ಕೇಳುತ್ತಾರೆ ಎಂಬ ಭಯ. ಇದನ್ನು ಭಕ್ತಿ ಎಂದು ಹೊಗಳುವವರ ಮಾತು ನನಗೆ ಒಪ್ಪಿಗೆಯಿಲ್ಲ. ಮುಗಿಲಲ್ಲೇ ಉಳಿದುಬಿಟ್ಟರೆ ದೇವರು ದೊಡ್ಡವನು ಎಂದಷ್ಟೇ ತಿಳಿಯುತ್ತದೆ, ಹತ್ತಿರದವನು ಎಂದು ತಿಳಿಯುವುದಿಲ್ಲ.

ಆದ್ದರಿಂದ ಆಂಡ್ರೊಮಿಡಾ ಕಂಡ ಮೇಲೆ ಇನ್ನೇನನ್ನೂ ಹುಡುಕದೆ, ಎದ್ದು ಕೂತು, ಕಣ್ಣು ಮುಚ್ಚಿ, ಕೊರಳಲ್ಲಿ ಧರಿಸಿದ ಇಷ್ಟಲಿಂಗವನ್ನು ಎಡ ಅಂಗೈಗೆ ತೆಗೆದುಕೊಳ್ಳುವುದು. ಕತ್ತಲಲ್ಲಿ ಕೈತಪ್ಪಬಾರದು, ಲಿಂಗ ಕಟ್ಟಿದ ಶಿವದಾರ ಕೊರಳಲ್ಲೇ ಇರಲಿ. ಮನೆಯಲ್ಲಿ ದೀಪದ ಚುಕ್ಕೆ ಲಿಂಗದ ಮೇಲೆ ಹೊಳೆದು ದೃಷ್ಟಿ ನಿಲ್ಲಿಸಲು ಆಸರೆಯಾಗುತ್ತದೆ. ಇಲ್ಲಿ ಆ ಆಸರೆ ಇಲ್ಲ. ತೂಕ, ತಂಪು, ನಿಧಾನಕ್ಕೆ ಏರುವ ಬಿಸಿ ಇಷ್ಟೇ ಗುರುತು. ವಚನವನ್ನು ಒಮ್ಮೆ ಮಾತ್ರ, ಮೆಲ್ಲಗೆ, ಪೂರ್ತಿ ಹೇಳಬೇಕು. ಮುಗಿಲಿಗೆ ಕೊಟ್ಟಷ್ಟೇ ಹೊತ್ತನ್ನು ಅಂಗೈಗೂ ಕೊಡಿ. ಮಲಗಿಕೊಂಡು ಮಾತ್ರ ಈ ಭಾಗ ಮಾಡಬೇಡಿ, ಹತ್ತು ನಿಮಿಷಕ್ಕೆ ನಿದ್ದೆ ಖಂಡಿತ.