ನಾಣ್ಯ ತೋರಿಸಿ, ಮನೆ ತೋರಿಸಬೇಡಿ: ಸಂಗ್ರಾಹಕರ ಖಾಸಗಿ ಸಂದೇಶಗಳಿಗೆ ಒಂದು ಕೈಪಿಡಿ

ರಾಯಚೂರು, ಕೊಪ್ಪಳದ ಹಳೆಯ ಮನೆಗಳ ಟ್ರಂಕುಗಳಲ್ಲಿ ಇಂದಿಗೂ ನಿಜಾಮರ ಕಾಲದ ಚಾರ್‌ಮಿನಾರ್ ರೂಪಾಯಿ, ಆ ಸಂಸ್ಥಾನದ ಸ್ವಂತ ನಾಣ್ಯವಾದ ಹಾಲಿ ಸಿಕ್ಕಾದ ಪೈಸೆ, ಹೈದರಾಬಾದ್ ಸಂಸ್ಥಾನದ ಛಾಪಾಕಾಗದ ಸಿಗುತ್ತವೆ. 1800ರಲ್ಲೇ ಕಂಪನಿಯ ಕೈ ಸೇರಿದ ಬಳ್ಳಾರಿ ಸೀಮೆಯಲ್ಲಿ ಮದ್ರಾಸ್ ಪ್ರಾಂತ್ಯದ ಕಾಸುಗಳೇ ಹೆಚ್ಚು. ಬಾಲಕೃಷ್ಣನ ಚಿತ್ರವಿರುವ ಕೃಷ್ಣದೇವರಾಯನ ಚಿನ್ನದ ನಾಣ್ಯ ವರಹಕ್ಕಂತೂ ಎಲ್ಲೆಡೆ ಗಿರಾಕಿ. ಇವನ್ನು ಕೊಳ್ಳುವವರು, ಬದಲಿಸಿಕೊಳ್ಳುವವರು ಈಗ ಹೆಚ್ಚಾಗಿ ಸಿಗುವುದು ಆನ್‌ಲೈನ್‌ನಲ್ಲಿ. ಮಾತು ಎಲ್ಲರ ಎದುರು ಶುರುವಾಗುತ್ತದೆ, ವ್ಯವಹಾರ ಖಾಸಗಿ ಸಂದೇಶದಲ್ಲಿ ಕುದುರುತ್ತದೆ.

ದೊಡ್ಡ ಶಹರದವರಿಗಿಂತ ನಮ್ಮ ಕಡೆಯವರು ಇಲ್ಲಿ ಹೆಚ್ಚು ಎಚ್ಚರವಾಗಿರಬೇಕು. ಬೆಂಗಳೂರಿನಲ್ಲಿ ‘ಹಳೆ ನಾಣ್ಯ ಇಟ್ಟವರೊಬ್ಬರು’ ಎಂದರೆ ಯಾರೆಂದು ತಿಳಿಯುವುದಿಲ್ಲ. ಸಿಂಧನೂರಿನಲ್ಲೋ ಗಂಗಾವತಿಯಲ್ಲೋ ‘ನಿಜಾಮರ ರೂಪಾಯಿ ಇಟ್ಟ ಮಾಸ್ತರು’ ಎಂದರೆ ಬಸ್ ಸ್ಟ್ಯಾಂಡಿನ ಚಹಾ ಅಂಗಡಿಯವರೂ ಮನೆ ತೋರಿಸುತ್ತಾರೆ. ಊರು, ಉದ್ಯೋಗ, ಸಂಗ್ರಹದ ಬಗೆ ಇಷ್ಟು ಗೊತ್ತಾದರೆ ಹೆಸರು ಹೇಳುವುದೇ ಬೇಕಿಲ್ಲ.

ಆದ್ದರಿಂದ ಮೊದಲ ನಿಯಮ ಇದು: ನೀವು ಯಾರು, ನಿಮ್ಮ ಹತ್ತಿರ ಏನಿದೆ, ಅದು ಎಲ್ಲಿದೆ ಎಂಬ ಮೂರೂ ಒಂದೇ ಸಂಭಾಷಣೆಯಲ್ಲಿ ಕೂಡಬಾರದು. ಎರಡು ತಿಳಿದರೆ ವ್ಯವಹಾರ ನಡೆಯುತ್ತದೆ, ಮೂರೂ ತಿಳಿದರೆ ಕಳ್ಳನಿಗೂ ದಾರಿಯಾಗುತ್ತದೆ. ಮುಂದಿನದೆಲ್ಲ ಈ ನಿಯಮವನ್ನು ದಿನನಿತ್ಯ ಪಾಲಿಸುವ ವಿಧಾನ.

ಯಾರು ಯಾರು ಓದಬಲ್ಲರು

ಸಂಗ್ರಾಹಕರ ತಾಣಗಳಲ್ಲಿ ಒಬ್ಬರಿಗೊಬ್ಬರು ಕಳಿಸುವ ಸಂದೇಶ ಸಾಮಾನ್ಯವಾಗಿ ಆ ತಾಣದ ಡೇಟಾಬೇಸಿನಲ್ಲಿ ಬರೆದಂತೆಯೇ ಕೂತಿರುತ್ತದೆ. ವಿಳಾಸದ ಪಕ್ಕದ ಬೀಗದ ಗುರುತು ಹೇಳುವುದು ದಾರಿಯಲ್ಲಿ ಯಾರೂ ಇಣುಕಲಾರರು ಎಂದಷ್ಟೇ. ಸರ್ವರ್ ತಲುಪಿದ ಮೇಲೆ ಡೇಟಾಬೇಸಿನ ಕೀಲಿ ಇರುವ ನಿರ್ವಾಹಕರು ಅದನ್ನು ಓದಬಲ್ಲರು. ಚರ್ಚೆಯ ಮೇಲೆ ಕಣ್ಣಿಡುವ ಸಾಮಾನ್ಯ ಮಾಡರೇಟರಿಗೆ ಆ ಅಧಿಕಾರ ಇರುವುದಿಲ್ಲ. ಆದರೆ ಎದುರಿನವರು ‘ರಿಪೋರ್ಟ್’ ಒತ್ತಿದರೆ ಆ ಸಂದೇಶ ಮಾಡರೇಟರ ಮುಂದೆ ತೆರೆದುಕೊಳ್ಳುತ್ತದೆ. ವಾಟ್ಸ್‌ಆ್ಯಪ್‌ನಲ್ಲೂ ಯಾರಾದರೂ ನಿಮ್ಮನ್ನು ರಿಪೋರ್ಟ್ ಮಾಡಿದರೆ ಆ ಚಾಟಿನ ಕೊನೆಯ ಐದು ಸಂದೇಶಗಳು ಕಂಪನಿಗೆ ಹೋಗುತ್ತವೆ.

ಇನ್ನೊಂದು ಪ್ರತಿ ಇಮೇಲಿನಲ್ಲಿರುತ್ತದೆ. ‘ನಿಮಗೆ ಹೊಸ ಸಂದೇಶ ಬಂದಿದೆ’ ಎಂಬ ಸೂಚನೆಯ ಜೊತೆಗೆ ಕೆಲವು ತಾಣಗಳು ಇಡೀ ಸಂದೇಶವನ್ನೇ ಕಳಿಸುತ್ತವೆ. ತಾಣದಲ್ಲಿ ಅಳಿಸಿದರೂ ಆ ಇಮೇಲ್ ಉಳಿದುಕೊಳ್ಳುತ್ತದೆ. ಖಾತೆಯ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಭಾಗಕ್ಕೆ ಹೋಗಿ, ಸಂದೇಶದ ಪಠ್ಯ ಇಮೇಲಿಗೆ ಬಾರದಂತೆ ಮಾಡಿ. ಆ ಆಯ್ಕೆ ಇಲ್ಲದಿದ್ದರೆ ಇಮೇಲ್ ಸೂಚನೆಯನ್ನೇ ಬಂದ್ ಮಾಡಿ. ಫೋನಿನ ಲಾಕ್ ಪರದೆಯ ಮೇಲೂ ಪಠ್ಯ ಕಾಣದಂತೆ ಇಡಿ. ಒಂದೇ ಫೋನನ್ನು ಮನೆಮಂದಿಯೆಲ್ಲ ಹಿಡಿಯುವ ಕಡೆ ಇದು ಇನ್ನೂ ಮುಖ್ಯ.

ತಾಣದ ತಂತ್ರಾಂಶ ಹಳೆಯದಾದರೆ ಹೊರಗಿನವರೂ ಓದಬಲ್ಲರು. 2019ರ ಸೆಪ್ಟೆಂಬರಿನಲ್ಲಿ, ಇಂಥ ಚರ್ಚಾ ತಾಣ ನಡೆಸಲು ಬಳಸುವ ವಿಬುಲೆಟಿನ್ ಎಂಬ ತಂತ್ರಾಂಶದ ದೊಡ್ಡ ಲೋಪವೊಂದು ಬಯಲಾಗಿ, ಲಾಗಿನ್ ಇಲ್ಲದೆಯೇ ಸರ್ವರಿನ ಮೇಲೆ ಹಿಡಿತ ಸಾಧಿಸುವ ದಾರಿ ಎಲ್ಲರಿಗೂ ತಿಳಿದುಹೋಯಿತು. ಹವ್ಯಾಸಕ್ಕೆಂದು ಒಬ್ಬಿಬ್ಬರು ಬಿಡುವಿನಲ್ಲಿ ನಡೆಸುವ ತಾಣಗಳು ಇಂಥ ಅಪ್‌ಡೇಟ್ ಹಾಕಿಕೊಳ್ಳುವುದು ತಡವೇ. ಅಲ್ಲಿನ ಪಾಸ್‌ವರ್ಡ್ ಬೇರೆಲ್ಲೂ ಬಳಸಿದ್ದಾಗಿರಬಾರದು, ಇಮೇಲಿನದಂತೂ ಆಗಿರಲೇಬಾರದು.

ಯಾವ ಮಾತಿಗೆ ಯಾವ ದಾರಿ

ವಸ್ತುವಿನ ಚರ್ಚೆ, ಬೆಲೆ, ತೂಕ, ಅಚ್ಚಿನ ಗುರುತು ಇವೆಲ್ಲ ತಾಣದ ಸಂದೇಶದಲ್ಲೇ ನಡೆಯಲಿ. ವಿಳಾಸ, ಫೋನ್ ನಂಬರು, ಹಣದ ವಿವರ ಮಾತ್ರ ಪೂರ್ತಿ ಎನ್‌ಕ್ರಿಪ್ಟ್ ಆಗುವ, ಅಂದರೆ ಕಳಿಸಿದವರು ಮತ್ತು ಪಡೆದವರು ಬಿಟ್ಟು ನಡುವೆ ಯಾರೂ ಓದಲಾಗದ ಆ್ಯಪಿಗೆ ಹೋಗಲಿ. ವಾಟ್ಸ್‌ಆ್ಯಪ್ 2016ರಿಂದ ಹಾಗಿದೆ. ಟೆಲಿಗ್ರಾಮಿನ ಸಾಮಾನ್ಯ ಚಾಟ್ ಹಾಗಿಲ್ಲ, ಅಲ್ಲಿ ‘ಸೀಕ್ರೆಟ್ ಚಾಟ್’ ಬೇರೆಯಾಗಿ ತೆರೆಯಬೇಕು. ನಂಬರು ಕೊಡಲು ಮನಸ್ಸಿಲ್ಲದವರಿಗೆ ಸಿಗ್ನಲ್ ಒಳ್ಳೆಯದು: 2024ರಿಂದ ಅದರಲ್ಲಿ ಯೂಸರ್‌ನೇಮ್ ಕೊಟ್ಟು ನಂಬರು ಅಡಗಿಸಬಹುದು. ನೂರಾರು ಜನರ ವಾಟ್ಸ್‌ಆ್ಯಪ್ ಗುಂಪು ಸೇರುವುದೆಂದರೆ ಅಷ್ಟೂ ಜನರಿಗೆ ನಂಬರು ಕೊಟ್ಟಂತೆ ಎಂಬುದು ನೆನಪಿರಲಿ.

ವಾಟ್ಸ್‌ಆ್ಯಪಿನಲ್ಲಿ ಜನ ಎಡವುವುದು ಬ್ಯಾಕಪ್ಪಿನಲ್ಲಿ. ಚಾಟ್ ಎನ್‌ಕ್ರಿಪ್ಟ್ ಆಗಿದ್ದರೂ ಗೂಗಲ್ ಡ್ರೈವಿಗೆ ಹೋಗುವ ಬ್ಯಾಕಪ್‌ಗೆ ಆ ರಕ್ಷಣೆಯನ್ನು ನೀವೇ ಹಾಕಬೇಕು. ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್, ಎಂಡ್ ಟು ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್ ಎಂದು ಹೋಗಿ ಆನ್ ಮಾಡಿ. ಪಾಸ್‌ವರ್ಡ್ ಅಥವಾ 64 ಅಂಕಿಯ ಕೀಲಿ ಕೇಳುತ್ತದೆ. ಕಾಗದದ ಮೇಲೆ ಬರೆದಿಡಿ, ಕಳೆದರೆ ಕಂಪನಿಯವರೂ ತೆಗೆದುಕೊಡಲಾರರು. ಅದರ ಜೊತೆಗೆ ಆರಂಕಿಯ ಎರಡನೇ ಹಂತದ ಪಿನ್ (‘ಟೂ ಸ್ಟೆಪ್ ವೆರಿಫಿಕೇಶನ್’) ಹಾಕಿ.

ಝೆರಾಕ್ಸ್, ಡಿಟಿಪಿ ಅಂಗಡಿಯಲ್ಲಿ ಪಾರ್ಸೆಲ್ ಚೀಟಿ ಪ್ರಿಂಟ್ ಹಾಕಿಸಲು ಅವರ ಕಂಪ್ಯೂಟರಿನಲ್ಲಿ ವಾಟ್ಸ್‌ಆ್ಯಪ್ ತೆರೆದಿದ್ದರೆ, ಮನೆ ಸೇರುವ ಮುಂಚೆಯೇ ‘ಲಿಂಕ್ಡ್ ಡಿವೈಸಸ್’ ನೋಡಿ ಲಾಗ್‌ಔಟ್ ಮಾಡಿ. ಫೋನ್ ರಿಪೇರಿಗೆ ಕೊಡುವಾಗ ಸ್ಯಾಮ್‌ಸಂಗ್‌ನ ಹೊಸ ಫೋನುಗಳಲ್ಲಿ ರಿಪೇರಿಯವರಿಗೆ ನಿಮ್ಮ ಚಾಟ್, ಫೋಟೊ ಕಾಣದಂತೆ ಮಾಡುವ ‘ಮೇಂಟೆನೆನ್ಸ್ ಮೋಡ್’ ಇದೆ, ಅದರಲ್ಲಿಟ್ಟು ಕೊಡಿ. ಹಳೆ ಸಿಮ್ ಬಿಡುವ ಮುಂಚೆ ಆ ನಂಬರಿಗೆ ಕಟ್ಟಿದ ಖಾತೆಗಳನ್ನೆಲ್ಲ ಹೊಸದಕ್ಕೆ ಬದಲಿಸಿ. ಬಂದ್ ಆದ ನಂಬರನ್ನು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು, ಆಮೇಲೆ ಒಟಿಪಿ ಹೋಗುವುದು ಅವರಿಗೆ.

ಫೋಟೊ

ಹೆಚ್ಚು ಸೋರುವುದು ಇಲ್ಲಿಂದಲೇ. ಫೋನ್ ಕ್ಯಾಮೆರಾದಲ್ಲಿ ಸ್ಥಳದ ಟ್ಯಾಗ್ ಆನ್ ಇದ್ದರೆ ಪ್ರತಿ ಫೋಟೊದೊಳಗೂ ನಿಮ್ಮ ಮನೆಯ ಅಕ್ಷಾಂಶ, ರೇಖಾಂಶ ಸೇರಿರುತ್ತದೆ. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ‘ಲೊಕೇಶನ್’ ಬಂದ್ ಮಾಡಿ. ಹಳೆಯ ಫೋಟೊಗಳಿಗೆ ಗ್ಯಾಲರಿಯಲ್ಲಿ ಚಿತ್ರ ತೆರೆದು ವಿವರ ನೋಡಿ. ನಕ್ಷೆ ಕಂಡರೆ ಸ್ಥಳ ಅದರಲ್ಲಿದೆ ಎಂದರ್ಥ. ಐಫೋನಿನಲ್ಲಿ ಶೇರ್ ಒತ್ತಿದಾಗ ಮೇಲೆ ಕಾಣುವ ‘ಆಪ್ಷನ್ಸ್’ನಲ್ಲಿ ಲೊಕೇಶನ್ ತೆಗೆಯಬಹುದು.

ವಾಟ್ಸ್‌ಆ್ಯಪಿನಲ್ಲಿ ಫೋಟೊ ಆಗಿ ಕಳಿಸಿದರೆ ಈ ಮಾಹಿತಿ ಉದುರಿಹೋಗುತ್ತದೆ. ಸಂಗ್ರಾಹಕರು ಮಾತ್ರ ‘ಅಕ್ಷರ ಸ್ಪಷ್ಟ ಕಾಣಂಗಿಲ್ಲರಿ, ಡಾಕ್ಯುಮೆಂಟ್ ಮಾಡಿ ಕಳಸ್ರಿ’ ಎನ್ನುತ್ತಾರೆ. ಡಾಕ್ಯುಮೆಂಟ್ ಆಗಿ ಹೋದ ಫೋಟೊ ಸ್ಥಳದ ಮಾಹಿತಿಯನ್ನು ಹೊತ್ತುಕೊಂಡೇ ಹೋಗುತ್ತದೆ. ಸ್ಪಷ್ಟತೆ ಬೇಕೇಬೇಕೆಂದರೆ ಲೊಕೇಶನ್ ಬಂದ್ ಮಾಡಿ ಹೊಸದಾಗಿ ತೆಗೆದು ಕಳಿಸಿ. ತುರ್ತಿಗೆ ಸ್ಕ್ರೀನ್‌ಶಾಟ್ ಸಾಕು: ಅದರಲ್ಲಿ ಸ್ಥಳವಿರುವುದಿಲ್ಲ, ಚಿತ್ರ ತುಸು ಮಂಕಾಗುತ್ತದೆ.

ಚೌಕಟ್ಟಿನೊಳಗೆ ಏನೇನು ಬಿದ್ದಿದೆ ಎಂದೂ ನೋಡಬೇಕು. ಬೂದು ಬಣ್ಣದ ಸಾದಾ ಬಟ್ಟೆಯೋ ಕಾಗದವೋ ಹಾಸಿ, ಕಿಟಕಿಯ ಬೆಳಕಿನಲ್ಲಿ ಮೇಲಿನಿಂದ ತೆಗೆಯಿರಿ. ಗೋಡೆಯ ಕ್ಯಾಲೆಂಡರಿನಲ್ಲಿ ಬಂಗಾರದಂಗಡಿಯ ಹೆಸರು, ಮೇಜಿನ ಮೇಲೆ ಜೆಸ್ಕಾಂ ಕರೆಂಟ್ ಬಿಲ್ಲು, ಹಿಂದೆ ತಿಜೋರಿಯ ಬಾಗಿಲು ಕಾಣಬಾರದು. ಬೆರಳ ತುದಿಯಲ್ಲಿ ನಾಣ್ಯ ಹಿಡಿದು ತೀರ ಹತ್ತಿರದಿಂದ ತೆಗೆದರೆ ಬೆರಳಚ್ಚಿನ ಗೆರೆಗಳೂ ಮೂಡುತ್ತವೆ, ಅಂಚು ಹಿಡಿಯಿರಿ. ಪ್ಲಾಸ್ಟಿಕ್ ಕವಚದಲ್ಲಿರುವ ಹೊಳಪಿನ ನಾಣ್ಯದಲ್ಲಿ ತೆಗೆಯುವವರ ಮುಖವೂ ಕಾಣುವುದುಂಟು.

ವಸ್ತು ನಿಮ್ಮಲ್ಲೇ ಇದೆ ಎಂಬುದಕ್ಕೆ ಚೀಟಿ ಇಟ್ಟು ಫೋಟೊ ತೆಗೆಯಿರಿ ಎಂದು ಕೇಳುವುದು ನ್ಯಾಯವೇ. ಚೀಟಿಯಲ್ಲಿ ನಿಮ್ಮ ಯೂಸರ್‌ನೇಮ್, ದಿನಾಂಕ, ಕೇಳಿದವರ ಯೂಸರ್‌ನೇಮ್ ಬರೆಯಿರಿ. ಚೀಟಿ ನಾಣ್ಯಕ್ಕೆ ತಾಗಿಕೊಂಡಿರಲಿ, ಇಲ್ಲದಿದ್ದರೆ ಕತ್ತರಿಸಿ ತಮ್ಮದೆಂದು ಹಾಕಿಕೊಳ್ಳುತ್ತಾರೆ. ಎರಡು ಬದಿ, ವ್ಯಾಸ, ನೂರನೇ ಒಂದು ಗ್ರಾಂವರೆಗಿನ ತೂಕ ಇಷ್ಟು ಕೊಟ್ಟರೆ ತಿಳಿದವರಿಗೆ ಸಾಕು. ವರಹ ಸುಮಾರು 3.4 ಗ್ರಾಂ ತೂಗಬೇಕು, 3ಕ್ಕಿಂತ ಕಡಿಮೆಯಿದ್ದರೆ ಕೇಳುವವರು ತಾವೇ ಹಿಂದೆ ಸರಿಯುತ್ತಾರೆ. ಅಂಚಿನ ಒಂದು ಗುರುತು, ಒಂದು ಗೀರು ಮಾತ್ರ ಯಾರಿಗೂ ತೋರಿಸದೆ ನಿಮ್ಮಲ್ಲೇ ಫೋಟೊ ತೆಗೆದಿಟ್ಟುಕೊಳ್ಳಿ. ನಾಳೆ ನಿಮ್ಮ ಚಿತ್ರ ಹಾಕಿ ಇನ್ನೊಬ್ಬರು ಮಾರಲು ಹೊರಟರೂ, ವಸ್ತುವೇ ಕಳುವಾದರೂ, ಅದು ನಿಮ್ಮದೆಂದು ಹೇಳಲು ಆ ಗುರುತು ಬೇಕಾಗುತ್ತದೆ.

ವಿಳಾಸ, ಹಣ

ಬೆಲೆ ಒಪ್ಪಿಗೆಯಾಗಿ ಹಣ ಬರುವವರೆಗೆ ಊರಿನ ಪಿನ್ ಕೋಡ್ ಸಾಕು. ಬಳ್ಳಾರಿ 583101, ರಾಯಚೂರು 584101, ಕೊಪ್ಪಳ 583231: ಅಂಚೆ ಖರ್ಚು ಲೆಕ್ಕ ಹಾಕಲು ಇದಕ್ಕಿಂತ ಹೆಚ್ಚು ಬೇಕಿಲ್ಲ. ‘ಸರ್, ಸದ್ಯಕ್ಕ ಪಿನ್ ಕೋಡ್ ತಗೋರಿ, ರೊಕ್ಕ ಮುಟ್ಟಿದ ಮ್ಯಾಲ ಪೂರ್ತಿ ವಿಳಾಸ ಕಳಸ್ತೀನಿ’ ಎಂದರೆ ಸರಿಯಾದ ಗಿರಾಕಿ ಬೇಸರ ಮಾಡಿಕೊಳ್ಳುವುದಿಲ್ಲ. ಮನೆಯ ಬದಲು ಅಂಗಡಿ ಅಥವಾ ಕೆಲಸದ ಜಾಗದ ವಿಳಾಸ ಕೊಡಬಹುದು. ದೊಡ್ಡ ಅಂಚೆ ಕಚೇರಿಗಳಲ್ಲಿ ಬಾಡಿಗೆಗೆ ಪೋಸ್ಟ್ ಬಾಕ್ಸ್ ಕೊಡುವ ಪದ್ಧತಿ ಇದೆ, ವಿಚಾರಿಸಿ ನೋಡಿ.

ವಾಟ್ಸ್‌ಆ್ಯಪ್ ಲೊಕೇಶನ್ ಪಿನ್ ಕಳಿಸಬೇಡಿ. ಅಂಚೆ ಇಲಾಖೆ 2025ರಲ್ಲಿ ತಂದ ಡಿಜಿಪಿನ್‌ನ ವಿಚಾರದಲ್ಲೂ ಇದೇ ಎಚ್ಚರಿಕೆ: ಹತ್ತು ಅಕ್ಷರದ ಆ ಸಂಕೇತ ಸುಮಾರು 4 ಮೀಟರ್ ಚೌಕದವರೆಗೆ ಜಾಗ ತೋರಿಸುತ್ತದೆ. ತುರ್ತು ಸೇವೆಗೆ ಅದು ಬಲು ಉಪಯುಕ್ತ, ಗುರುತಿಲ್ಲದ ಗಿರಾಕಿಗೆ ಕೊಡತಕ್ಕದ್ದಲ್ಲ. ಕಳಿಸುವವರು ನೀವಾದರೆ ಪಾರ್ಸೆಲ್ ಮೇಲೆ ಒಳಗಿನದನ್ನು ಸಾರುವ ಬರಹ ಬೇಡ. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನೊಳಗೆ ಸೇರಿದೆ. ಕೌಂಟರಿನಲ್ಲಿ ವಿಮೆ ಕೇಳಿ ಮಾಡಿಸಿ, ರಸೀದಿಯ ಫೋಟೊ ಕಳಿಸುವಾಗ ವಿಳಾಸದ ಭಾಗ ಮುಚ್ಚಿ.

ಮುಚ್ಚುವುದಕ್ಕೂ ಕ್ರಮ ಇದೆ. ಫೋನಿನ ಹೈಲೈಟರಿನಿಂದ ಕಪ್ಪು ಬಳಿದರೆ ಹೊಳಪು ಹೆಚ್ಚಿಸಿ ಓದಬಹುದು. ಪೂರ್ತಿ ಕಪ್ಪು ಚೌಕ ಇಟ್ಟು, ಆ ಚಿತ್ರದ ಸ್ಕ್ರೀನ್‌ಶಾಟ್ ತೆಗೆದು ಅದನ್ನು ಕಳಿಸಿ. ಬರೀ ಕತ್ತರಿಸಿದರೆ ಸಾಲದು: 2023ರ ಮಾರ್ಚಿನಲ್ಲಿ ಗೂಗಲ್ ಪಿಕ್ಸೆಲ್ ಫೋನಿನಲ್ಲಿ ಕತ್ತರಿಸಿದ ಸ್ಕ್ರೀನ್‌ಶಾಟಿನ ಕತ್ತರಿಸಿದ ಭಾಗವನ್ನೇ ಮರಳಿ ಪಡೆಯಬಹುದಾದ ದೋಷ ಬೆಳಕಿಗೆ ಬಂದಿತ್ತು.

ಯುಪಿಐ ಐಡಿ ನಿಮ್ಮ ಮೊಬೈಲ್ ನಂಬರಿನಿಂದಲೇ ಶುರುವಾಗುತ್ತಿದ್ದರೆ ಆ್ಯಪಿನಲ್ಲಿ ನಂಬರಿಲ್ಲದ ಇನ್ನೊಂದು ಐಡಿ ಮಾಡಿಕೊಳ್ಳಿ. ಬ್ಯಾಂಕಿನಲ್ಲಿರುವ ಹೆಸರು ಹೇಗಿದ್ದರೂ ಕಾಣುತ್ತದೆ, ಅದನ್ನು ತಪ್ಪಿಸಲಾಗದು. ಅದಕ್ಕೇ ಹೆಸರು ಗೊತ್ತಾದವರಿಗೆ ಇಡೀ ಸಂಗ್ರಹದ ಪಟ್ಟಿ ಹೇಳಬಾರದು. ಆಧಾರ್ ಪ್ರತಿ ಕೇಳಿದರೆ ಕೊಡುವ ಅಗತ್ಯವಿಲ್ಲ. ಹಣ ಪಡೆಯಲು ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದರೆ ಅದು ಮೋಸ, ಪಿನ್ ಬೇಕಾಗುವುದು ಕೊಡುವಾಗ ಮಾತ್ರ. ರಿಸರ್ವ್ ಬ್ಯಾಂಕ್ ಹೆಸರಿನಲ್ಲಿ ಹಳೆ ನೋಟು, ನಾಣ್ಯ ಕೊಳ್ಳುತ್ತೇವೆಂದು ಶುಲ್ಕ ಕೇಳುವವರ ಬಗ್ಗೆ ಆ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಸಿದೆ.

ಅಳಿಸುವುದು ಯಾವಾಗ

ತಾನೇ ಮಾಯವಾಗುವ ಸಂದೇಶ ಹಾಕಿಟ್ಟರೆ ಗೌಪ್ಯತೆ ಮುಗಿಯಿತು ಎಂಬ ಭಾವನೆ ಇದೆ. ವ್ಯವಹಾರದ ನಡುವೆ ಅದು ನಿಮಗೇ ತಿರುಗುಬಾಣ. ವಸ್ತು ಬಾರದಿದ್ದಾಗ ತೋರಿಸಲು ನಿಮ್ಮಲ್ಲಿ ಏನೂ ಉಳಿದಿರುವುದಿಲ್ಲ. ಹಣ ಕೊಟ್ಟ ದಿನದಿಂದ ವಸ್ತು ಕೈಸೇರಿ ತೂಕ ನೋಡುವವರೆಗೆ ಅದನ್ನು ಬಂದ್ ಇಡಿ. ಎದುರಿನವರೇ ಹಣದ ಮಾತಿಗೆ ಮುನ್ನ ಆನ್ ಮಾಡಿದರೆ ಕಾರಣ ಕೇಳಿ, ಆಫ್ ಮಾಡದಿದ್ದರೆ ವ್ಯವಹಾರ ಬಿಡಿ. ಎಲ್ಲ ಸರಿಯಾದ ಮೇಲೆ ವಿಳಾಸ, ರಸೀದಿ, ಹಣದ ಚಿತ್ರ ಅಳಿಸಿ, ಅವರಿಗೂ ಹಾಗೇ ಮಾಡಲು ಹೇಳಿ. ನಿಮ್ಮ ಕಡೆ ಅಳಿಸಿದ್ದು ಅವರ ಕಡೆ ಉಳಿದಿರುತ್ತದೆ. ವಾಟ್ಸ್‌ಆ್ಯಪಿನ ‘ಎಲ್ಲರಿಗೂ ಅಳಿಸು’ ಸುಮಾರು ಎರಡು ದಿನದೊಳಗೆ ಮಾತ್ರ ನಡೆಯುತ್ತದೆ.

ಮೋಸವಾಗಿದ್ದರೆ ಏನನ್ನೂ ಅಳಿಸಬೇಡಿ, ಎದುರಿನವರನ್ನು ಬ್ಲಾಕ್ ಮಾಡುವ ಮುಂಚೆ ಚಾಟ್ ಎಕ್ಸ್‌ಪೋರ್ಟ್ ಮಾಡಿ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ; ಹಣ ಇನ್ನೂ ಖಾತೆಯಿಂದ ಖಾತೆಗೆ ಓಡಾಡುತ್ತಿರುವಾಗಲೇ ತಡೆಯಲು ಆಗುವುದು. ಬರಹದ ದೂರನ್ನು ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ಕೊಡಬಹುದು. ನ್ಯಾಯಾಲಯದಲ್ಲಿ ಎಲೆಕ್ಟ್ರಾನಿಕ್ ದಾಖಲೆ ನಿಲ್ಲಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ, ಆದ್ದರಿಂದ ಸಂದೇಶ ಬಂದ ಫೋನನ್ನೇ ಕಾಪಾಡಿಡಿ. ಸಿಟ್ಟಿಗೆದ್ದು ಇಡೀ ಸಂಭಾಷಣೆಯನ್ನು ಗುಂಪಿನಲ್ಲಿ ಹರಿಬಿಡುವುದು ಬೇಡ. ಅದರಲ್ಲಿ ನಿಮ್ಮ ವಿಳಾಸವೂ ಇರುತ್ತದೆ.

‘ಹೊಲ ಹೊಡೆಯುವಾಗ ಸಿಕ್ಕಾವ್ರಿ, ಯಾರಿಗೂ ಹೇಳಬ್ಯಾಡ್ರಿ’ ಎಂದು ಯಾರಾದರೂ ಬರೆದರೆ ಮುಂದುವರಿಯಬೇಡಿ. ಹಂಪಿ, ಆನೆಗುಂದಿ ಸುತ್ತ ಇಂಥ ಸಂದೇಶ ಅಪರೂಪವಲ್ಲ, ಬಹಳಷ್ಟು ನಕಲಿ ನಾಣ್ಯ ಮಾರುವ ತಂತ್ರ. ನಿಜವೇ ಆಗಿದ್ದರೆ ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬುದು ಕಾನೂನು. ನೂರು ವರ್ಷಕ್ಕಿಂತ ಹಳೆಯ ನಾಣ್ಯವನ್ನು ವಿದೇಶಕ್ಕೆ ಕಳಿಸುವುದೂ 1972ರ ಪುರಾವಸ್ತು ಕಾಯ್ದೆಯಡಿ ಅಪರಾಧ. ಖಾಸಗಿ ಸಂದೇಶದಲ್ಲಿ ಬರೆದದ್ದೆಂದು ತನಿಖೆಯಿಂದ ತಪ್ಪಿಸಿಕೊಳ್ಳಲಾಗದು.

ಒಂದು ತಾಣವನ್ನು ಬಿಡುವಾಗ ಮೊದಲು ಸಂದೇಶ ಅಳಿಸಿ, ಆಮೇಲೆ ಖಾತೆ ಮುಚ್ಚಿ. ಖಾತೆ ಹೋದ ಮೇಲೆ ನಿಮ್ಮ ಹಳೆಯ ಸಂದೇಶಗಳನ್ನು ಮುಟ್ಟಲು ನಿಮಗೆ ದಾರಿ ಇರುವುದಿಲ್ಲ, ಬೇರೆಯವರ ಇನ್‌ಬಾಕ್ಸಿನಲ್ಲಿ ಅವು ಹಾಗೇ ಇರುತ್ತವೆ. ವಿಳಾಸ ಕೊಟ್ಟಿದ್ದ ಸಂಭಾಷಣೆಗಳನ್ನು ಹುಡುಕಲು ನಿಮ್ಮ ಪಿನ್ ಕೋಡನ್ನೇ ಹುಡುಕಾಟದ ಪೆಟ್ಟಿಗೆಯಲ್ಲಿ ಹಾಕಿ. ನಂಬರು ಕೊಟ್ಟದ್ದು ಸಿಗಲು ಅದರ ಮೊದಲ ಐದಂಕಿ ಹಾಕಿ ನೋಡಿ, ನಡುವೆ ಜಾಗ ಬಿಟ್ಟು ಬರೆದದ್ದೂ ಸಿಗುತ್ತದೆ.