ಆಟೋಕ್ಯಾಡ್: 1:100 ಪ್ರಿಂಟ್ ಅಳತೆಗೆ ಕೂರದಿದ್ದರೆ

ಬಾಗಲಕೋಟೆ ನವನಗರದ 30×40 ಅಡಿ ಸೈಟಿನ ಪ್ಲಾನ್. ನಕ್ಷೆ ಬರೆಯುವ ಸಾಫ್ಟ್‌ವೇರ್ ಆಟೋಕ್ಯಾಡಿನಲ್ಲಿ, ಮಿಲಿಮೀಟರಿನಲ್ಲಿ ಬರೆದದ್ದು, ಅಂದರೆ 9144×12192. ಎ3 ಹಾಳೆಯಲ್ಲಿ 1:100ಕ್ಕೆ (ನಿಜದ ಅಳತೆಯ ನೂರರಲ್ಲಿ ಒಂದು ಪಾಲಿಗೆ) ಅಗಲ 91.4 ಮಿ.ಮೀ. ಬರಬೇಕು. ಪಟ್ಟಿ ಇಟ್ಟು ಅಳೆದರೆ ಪ್ರತಿ ಪ್ರಿಂಟಿಗೂ ಬೇರೆ ಬೇರೆ ಅಳತೆ.

ಲಿಮಿಟ್ಸ್ (ನಕ್ಷೆಯ ಗಡಿ) ಬದಲಿಸಿದರೂ, ರೀಜೆನ್ (ಪರದೆಯ ಚಿತ್ರ ಮತ್ತೆ ಮೂಡಿಸುವ ಕಮಾಂಡ್) ಕೊಟ್ಟರೂ ಏನೂ ಆಗಲಿಲ್ಲ. ಸ್ಕೇಲ್ ಕಮಾಂಡಿನಿಂದ ಪ್ಲಾನನ್ನೇ ಚಿಕ್ಕದು ಮಾಡು ಅಂದವರೂ ಇದ್ದರು. ಅದನ್ನಂತೂ ಮಾಡಬೇಡಿ, ಡೈಮೆನ್ಶನ್ ಎಲ್ಲಾ ಕೆಡುತ್ತವೆ.

ಸರಿಹೋದದ್ದು ಹೀಗೆ. ಪ್ರಿಂಟ್ ಹಾಳೆ ಜೋಡಿಸುವ ಲೇಔಟ್ ಟ್ಯಾಬಿನ ಪೇಜ್ ಸೆಟಪ್‌ನಲ್ಲಿ ಹಾಳೆ ಎ3, ಪ್ಲಾಟ್ ಏರಿಯಾ ಲೇಔಟ್, ಸ್ಕೇಲ್ 1:1, ಯೂನಿಟ್ ಮಿ.ಮೀ. ಆಮೇಲೆ ವ್ಯೂಪೋರ್ಟ್ (ಹಾಳೆಯ ಮೇಲೆ ಪ್ಲಾನ್ ಕಾಣುವ ಚೌಕಟ್ಟು) ಒಳಗೆ ಡಬಲ್ ಕ್ಲಿಕ್. ಝಡ್ (Z, ಅಂದರೆ ಝೂಮ್) ಒತ್ತಿ ಎಂಟರ್, 1/100ಎಕ್ಸ್‌ಪಿ (1/100XP) ಟೈಪಿಸಿ ಎಂಟರ್. ಕೊನೆಯ ಎಕ್ಸ್‌ಪಿ ಬಿಡಬೇಡಿ, ಹಾಳೆಗೆ ಲೆಕ್ಕ ಕೂಡಿಸುವುದು ಅದೇ. ಇನ್ನು ಪ್ಲಾನ್ ಸರಿಸಲು ಪ್ಯಾನ್ ಮಾತ್ರ. ಮೌಸಿನ ಚಕ್ರ ಒಂಚೂರು ತಿರುಗಿದರೂ ಸ್ಕೇಲ್ ಹೋಯ್ತು. ಇಷ್ಟು ದಿನ ಕಾಡಿದ್ದು ಇದೇ. ಅದಕ್ಕೇ ಹೊರಗೆ ಡಬಲ್ ಕ್ಲಿಕ್ ಮಾಡಿ, ವ್ಯೂಪೋರ್ಟಿನ ಗೆರೆ ಆರಿಸಿ, ಪ್ರಾಪರ್ಟೀಸ್‌ನಲ್ಲಿ ‘ಡಿಸ್‌ಪ್ಲೇ ಲಾಕ್ಡ್’ ಎದುರು ‘ಯೆಸ್’ ಕೊಡಿ. ಲಾಕ್ ಮಾತ್ರ ಕೊನೆಗೇ.

ಝೆರಾಕ್ಸ್ ಅಂಗಡಿಯಲ್ಲಿ ಪಿಡಿಎಫ್ ಕೊಡುವಾಗ ‘ಫಿಟ್’ (ಹಾಳೆಗೆ ಹೊಂದುವಂತೆ ಹಿಗ್ಗಿಸು-ಕುಗ್ಗಿಸು) ಬೇಡ, ‘ಆಕ್ಚುವಲ್ ಸೈಜ್’ ಅನ್ನಿ.